ಹೆದರಿಕೆಯ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ?

ಸೋದರಿಯರೇ, ದೆವ್ವದ ಕಥೆ ಅಂದ್ರೆ ನಿಮಗೆ ಇಷ್ಟವೇ? ‘ಅಯ್ಯೋ ಬೇಡಪ್ಪಾ’ ಅಂತ ಸೆರಗಿನಿಂದ ಮುಖ ಮುಚ್ಚಿಕೊಂಡು, ಅದರ ಸಂದಿಯಿಂದಲೇ ಪೂರ್ತಿ ನೋಡಿ ಮುಗಿಸುವವರು ನಾವು! ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ನಾನು ಈಚೆಗೆ ನೋಡಿ ಮುಗಿಸಿದ್ದು ಒಂದು ಹಳೇ ಅಮೆರಿಕನ್ ಧಾರಾವಾಹಿ, ‘ದಿ ಟ್ವೈಲೈಟ್ ಝೋನ್’. ನಮ್ಮ ಮಾತಿನಲ್ಲಿ ಹೇಳೋದಾದ್ರೆ ಮುಸ್ಸಂಜೆಯ ಸೀಮೆ. ಅತ್ತ ಹಗಲೂ ಅಲ್ಲ, ಇತ್ತ ರಾತ್ರಿಯೂ ಅಲ್ಲ.

1959ರ ಅಕ್ಟೋಬರಿನಿಂದ 1964ರ ಜೂನ್‌ವರೆಗೆ ಅಲ್ಲಿನ ಸಿಬಿಎಸ್ ವಾಹಿನಿಯಲ್ಲಿ ಬಂದದ್ದು. ಎಲ್ಲ ಕಪ್ಪು-ಬಿಳುಪು. ಐದು ಸೀಸನ್, ಒಟ್ಟು 156 ಕಂತು. ಕಂತಿಗೊಂದು ಹೊಸ ಕಥೆ. ಇದನ್ನು ಹುಟ್ಟುಹಾಕಿದ ರಾಡ್ ಸರ್ಲಿಂಗ್ ಎಂಬಾತ 92 ಕಂತುಗಳನ್ನು ತಾನೇ ಬರೆದ. ರಕ್ತದ ಕೋಡಿ ಇಲ್ಲ, ಬಿಳಿ ಸೀರೆಯ ಮೋಹಿನಿಯೂ ಇಲ್ಲ. ಆದರೂ ಹೆದರಿಕೆ ಆಗುತ್ತೆ ನೋಡಿ!

ಐದರಲ್ಲಿ ಯಾವುದು ಮೇಲು? ನನ್ನ ಅಳತೆ ಒಂದೇ. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುವಾಗಲೂ ಕಥೆ ಮನಸ್ಸಿನಲ್ಲಿ ಇದೆಯೋ ಇಲ್ಲವೋ ಅಂತ. ಕೊನೆಯ ಎಲೆಯಿಂದ ಬಡಿಸುತ್ತಾ ಬರೋಣ.

ಐದನೆಯ ಸ್ಥಾನ ನಾಲ್ಕನೇ ಸೀಸನ್‌ಗೆ (1963). ಉಳಿದ ವರ್ಷಗಳಲ್ಲೆಲ್ಲ ಅರ್ಧ ಗಂಟೆಯ ಕಥೆ. ಇದೊಂದರಲ್ಲಿ ಮಾತ್ರ ಒಂದು ಗಂಟೆ. ಹಾಗೆ 18 ಕಂತು ಮಾಡಿದರು. ನಾಲ್ಕು ಜನರ ಸಾರಿಗೆ ನೀರು ಸುರಿದು ಎಂಟು ಜನಕ್ಕೆ ಬಡಿಸಿದ ಹಾಗಾಯಿತು. ಅವರಿಗೂ ತಿಳಿಯಿತೇನೋ, ಮುಂದಿನ ಸೀಸನ್‌ಗೆ ಮತ್ತೆ ಅರ್ಧ ಗಂಟೆಗೇ ಬಂದರು.

ನಾಲ್ಕನೆಯದು ಐದನೇ ಸೀಸನ್ (1963-64). 36 ಕಂತು, ತುಂಬಾ ಏರುಪೇರು. ಆದರೆ ಇದರಲ್ಲೇ ‘ಲಿವಿಂಗ್ ಡಾಲ್’ ಇದೆ. ಪುಟ್ಟ ಹುಡುಗಿಯ ಮಾತಾಡುವ ಗೊಂಬೆಯನ್ನು ಕಂಡರೆ ಮಲತಂದೆಗೆ ಆಗದು. ಅವನೊಬ್ಬನೇ ಇದ್ದಾಗ ಆ ಗೊಂಬೆ ಕೊಲ್ಲುವ ಮಾತಾಡುತ್ತೆ! ಆದರೆ ಒಂದು ಗಮನಿಸಿ, ಗೊಂಬೆ ಬಾಯಿ ಬಿಡುವ ಮೊದಲೇ ಆ ಮನೇಲಿ ಹೆದರಿಕೆ ಇದೆ. ಅವನು ಏನಂತಾನೋ ಅಂತ ತಾಯಿ-ಮಗಳು ಅಳುಕಿಕೊಂಡೇ ಓಡಾಡುತ್ತಾರೆ. ಗೊಂಬೆ ಬಂದದ್ದು ಆಮೇಲೆ.

ಮೂರನೆಯದು ಎರಡನೇ ಸೀಸನ್ (1960-61). 29 ಕಂತು. ಖರ್ಚು ಉಳಿಸೋಕೆ ಅಂತ ಆರು ಕಂತುಗಳನ್ನು ಫಿಲಂ ಬಿಟ್ಟು ವಿಡಿಯೋ ಟೇಪಿನಲ್ಲಿ ತೆಗೆದರು, ಅವು ನೋಡೋಕೆ ಸಪ್ಪೆ. ಆದರೆ ‘ಐ ಆಫ್ ದಿ ಬಿಹೋಲ್ಡರ್’ ಬಿಡಬೇಡಿ. ಆಸ್ಪತ್ರೆಯಲ್ಲಿ ಒಬ್ಬ ಹೆಂಗಸು, ಮುಖದ ತುಂಬ ಬ್ಯಾಂಡೇಜು. ಎಲ್ಲರ ಹಾಗೆ ಕಾಣಬೇಕು ಅನ್ನೋದೊಂದೇ ಅವಳ ಆಸೆ. ಪಟ್ಟಿ ಬಿಚ್ಚಿದಾಗ ಕಾಣೋದೇನು ಅಂತ ನಾನು ಹೇಳೋಲ್ಲ. ಬಣ್ಣ ಕಪ್ಪು, ಹಲ್ಲು ಉಬ್ಬು ಅಂತ ಹೆಣ್ಣು ನೋಡೋಕೆ ಬಂದವರಿಂದ ಅನ್ನಿಸಿಕೊಂಡವರಿಗೆ ಈ ಕಥೆ ಬೇಗ ಅರ್ಥವಾಗುತ್ತೆ.

ಎರಡನೆಯ ಎಲೆ ಮೊದಲ ಸೀಸನ್‌ಗೇ (1959-60). 36 ಕಂತು. ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’ ಅನ್ನುವ ಕಂತಿನಲ್ಲಿ ಒಂದು ಒಳ್ಳೇ ಬೀದಿ. ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತೆ, ಫೋನೂ ಇಲ್ಲ, ಕಾರೂ ಹೊರಡೋಲ್ಲ. ಆಕಾಶದಿಂದ ಬಂದವರು ನಮ್ಮ ನಡುವೆಯೇ ಇದ್ದಾರೆ ಅಂತ ಒಬ್ಬ ಹುಡುಗ ಕಥೆಯಲ್ಲಿ ಓದಿದ್ದನ್ನು ಹೇಳ್ತಾನೆ, ಅಷ್ಟೇ. ‘ಅವನು ರಾತ್ರಿ ಹೊತ್ತು ಅಂಗಳದಲ್ಲಿ ನಿಂತು ಆಕಾಶ ನೋಡ್ತಿರ್ತಾನೆ’, ‘ಇವನ ಕಾರು ಮಾತ್ರ ಹೇಗೆ ತಾನಾಗೇ ಹೊರಟಿತು?’ ಅಂತ ಶುರು. ರಾತ್ರಿಯೊಳಗೆ ನೆರೆಯವರೇ ನೆರೆಯವರನ್ನು ಕೊಲ್ಲುತ್ತಾರೆ. ನಲ್ಲಿ ಹತ್ತಿರ ನಿಂತು ಇನ್ನೊಬ್ಬರ ಮನೆ ವಿಷಯ ಮಾತಾಡುವಾಗ ಇದು ನೆನಪಾದರೆ ಒಳ್ಳೇದು.

ಇನ್ನು ಮೊದಲ ಎಲೆ. ಮೂರನೇ ಸೀಸನ್ (1961-62), 37 ಕಂತು. ಯಾಕೆ ಅಂದ್ರೆ ಎರಡು ಕಥೆಗಳಿಗಾಗಿ.

ಒಂದು, ಜೆರೋಮ್ ಬಿಕ್ಸ್‌ಬಿಯ ಸಣ್ಣಕಥೆಯಿಂದ ಮಾಡಿದ ‘ಇಟ್ಸ್ ಎ ಗುಡ್ ಲೈಫ್’. ಓಹಿಯೋದ ಒಂದು ಪುಟ್ಟ ಊರು. ಅಲ್ಲಿ ಆರು ವರ್ಷದ ಆಂಟನಿ ಎಂಬ ಹುಡುಗ. ಮನಸ್ಸಿನಲ್ಲಿ ನೆನೆಸಿದ್ದು ನಡೆದುಬಿಡುತ್ತೆ. ಅವನಿಗೆ ಆಗದವರು ಹೊಲದ ಪಾಲು, ಮತ್ತೆ ಕಾಣೋಲ್ಲ. ಅದಕ್ಕೇ ಅಪ್ಪ, ಅಮ್ಮ, ಊರಿನವರು ಎಲ್ಲರೂ ನಗುನಗುತ್ತಾ ‘ಒಳ್ಳೇದಾಯ್ತು ಆಂಟನಿ, ಬಹಳ ಒಳ್ಳೇದಾಯ್ತು’ ಅನ್ನುತ್ತಲೇ ಇರಬೇಕು. ಒಳಗೆ ಯೋಚಿಸುವ ಹಾಗೂ ಇಲ್ಲ!

ಇಲ್ಲಿ ನನಗೆ ಕೈಕಾಲು ತಣ್ಣಗಾಯಿತು. ಒಬ್ಬರ ಸಿಟ್ಟಿನ ಸುತ್ತ ಇಡೀ ಮನೆ ತಿರುಗುವುದನ್ನು ನಾವು ಕಂಡಿಲ್ಲವೇ? ಗಂಡನೋ, ಅತ್ತೆಯೋ, ಬೆಳೆದ ಮಗನೋ. ಅವರು ಒಳಗೆ ಬಂದ ಕೂಡಲೇ ಟಿವಿ ಸದ್ದು ಇಳಿಯುತ್ತೆ, ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಇವಳ ಎದೆ ಢವಢವ. ಯಾರಾದರೂ ಕೇಳಿದರೆ, ‘ನಮ್ಮ ಮನೇಲಿ ಎಲ್ಲ ಚೆನ್ನಾಗಿದೆ’!

ಇನ್ನೊಂದು, ‘ನಥಿಂಗ್ ಇನ್ ದಿ ಡಾರ್ಕ್’. ಸಾವು ಬಂದುಬಿಡುತ್ತೆ ಅಂತ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂತ ಒಬ್ಬ ಮುದುಕಿ. ಹೊರಗೆ ಗುಂಡೇಟು ತಿಂದ ಒಬ್ಬ ಯುವ ಪೊಲೀಸ್ ಕಾಪಾಡಿ ಅನ್ನುತ್ತಾನೆ. ತೆರೆಯಲೋ ಬೇಡವೋ? ಕೊನೆಗೆ ಕರುಣೆ ಗೆಲ್ಲುತ್ತೆ, ತೆರೆಯುತ್ತಾಳೆ. ಮುಂದಿನದನ್ನು ನೀವೇ ನೋಡಿ. ಹೆದರಿಕೆ ಬಾಯಿ ಕಟ್ಟುವುದನ್ನು ಒಂದು ಕಥೆ ತೋರಿಸಿದರೆ, ಚಿಲಕ ತೆಗೆದಾಗ ಅದು ಹೇಗೆ ಕರಗುತ್ತೆ ಅಂತ ಇನ್ನೊಂದು ತೋರಿಸುತ್ತೆ. ಎರಡನ್ನೂ ಕೊಟ್ಟ ಸೀಸನ್‌ಗೆ ಮೊದಲ ಎಲೆ ಹಾಕದೆ ಇರೋದು ಹೇಗೆ?

ಚಿಕ್ಕ ಮಕ್ಕಳನ್ನು ಮಲಗಿಸಿಯೇ ನೋಡಿ, ಗೊಂಬೆಯ ಕಂತನ್ನಂತೂ ಖಂಡಿತ. ಮತ್ತೆ ಒಂದು ಮಾತು. ನಿಮ್ಮ ಪಕ್ಕದ ಮನೆಯಾಕೆ ಕೇಳದಿದ್ದರೂ ಪದೇಪದೇ ‘ಎಲ್ಲ ಚೆನ್ನಾಗಿದೆ’ ಅಂತಿದ್ದರೆ, ಅರಿಶಿನ-ಕುಂಕುಮ ತೆಗೆದುಕೊಂಡು ಕೂಡಲೇ ಎದ್ದು ಬರಬೇಡಿ. ಇನ್ನೊಂದು ಹತ್ತು ನಿಮಿಷ ಕೂತಿರಿ. ಆಕೆ ಏನೂ ಹೇಳದಿದ್ದರೂ ಪರವಾಗಿಲ್ಲ, ಕೂತು ಕೇಳುವವರು ಒಬ್ಬರಿದ್ದಾರೆ ಅಂತಾದರೂ ಗೊತ್ತಾಗಲಿ.