ಕಾಯುವ ಧಾರಾವಾಹಿ, ಕಾಯದ ಫಜ್ರ್

ಟಿ.ವಿ. ಮಾತ್ರ ಇದ್ದ ಕಾಲದಲ್ಲಿ ಮಗ್ರಿಬ್‌ನ ಅಝಾನ್ ಮತ್ತು ಧಾರಾವಾಹಿ ಎರಡೂ ಒಂದೇ ಹೊತ್ತಿಗೆ ಆರಂಭವಾಗುತ್ತಿದ್ದವು. ಎದ್ದರೆ ಕಥೆ ತಪ್ಪುತ್ತದೆ, ಕುಳಿತರೆ ನಮಾಝ್ ತಡವಾಗುತ್ತದೆ. ಜಾಹೀರಾತಿನ ಬಿಡುವಿನಲ್ಲಿ ಅವಸರವಸರವಾಗಿ ನಮಾಝ್ ಮುಗಿಸುವವರೂ ಇದ್ದರು.

ಈಗ ಆ ನೆಪ ಉಳಿದಿಲ್ಲ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಬೇಕಾದಾಗ ಬೇಕಾದ್ದನ್ನು ಮೊಬೈಲ್‌ನಲ್ಲೇ ನೋಡಬಹುದು. ಅಝಾನ್ ಕೇಳಿದಾಗ ಬೆರಳು ಒತ್ತಿದರೆ ಕಥೆ ನಿಂತಲ್ಲೇ ನಮಗಾಗಿ ಕಾಯುತ್ತದೆ. ಹಾಗೆ ನೋಡಿದರೆ ನಮಾಝ್ ಮಾಡುವವಳಿಗೆ ಇದು ಟಿ.ವಿ.ಗಿಂತ ಅನುಕೂಲವೇ.

ಆದರೆ ಹಳೆಯ ಧಾರಾವಾಹಿ ಅರ್ಧ ಗಂಟೆಗೆ ತಾನೇ ಮುಗಿಯುತ್ತಿತ್ತು. ಇಲ್ಲಿ ಒಂದು ಕಂತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಶುರುವಾಗುತ್ತದೆ. ಇದು ಆಕಸ್ಮಿಕವಲ್ಲ. ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್, ತಮ್ಮ ಪೈಪೋಟಿ ಜನರ ನಿದ್ದೆಯೊಂದಿಗೆ ಎಂದು 2017ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು.

“ನಾವು ನೋಡುವುದು ಇಸ್ಲಾಮೀ ಧಾರಾವಾಹಿ ತಾನೇ?” ಎಂದು ಸಹೋದರಿಯರು ಕೇಳುವುದುಂಟು. ಹೆಚ್ಚಾಗಿ ಅವರ ಮನಸ್ಸಿನಲ್ಲಿರುವುದು ತುರ್ಕಿಯ ‘ಎರ್ತುಗ್ರುಲ್’. 2014ರಿಂದ 2019ರ ತನಕ ಅಲ್ಲಿನ ಟಿಆರ್‌ಟಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯನ್ನು 2020ರ ರಮಝಾನ್‌ನಲ್ಲಿ ಪಾಕಿಸ್ತಾನದ ಪಿಟಿವಿ ಉರ್ದುವಿನಲ್ಲಿ ತೋರಿಸಿ ಯೂಟ್ಯೂಬಿಗೂ ಹಾಕಿತು. ಲಾಕ್‌ಡೌನ್‌ನ ಆ ದಿನಗಳಲ್ಲಿ ಉರ್ದು ಬಲ್ಲ ನಮ್ಮ ಮನೆಗಳಿಗೂ ಅದು ತಲುಪಿತು. ಅದರಲ್ಲಿ ನಮಾಝ್ ಇದೆ, ದುಆ ಇದೆ, ಒಪ್ಪೋಣ. (ಇತಿಹಾಸವೆಂದು ಮಾತ್ರ ನಂಬಬೇಡಿ. ಎರ್ತುಗ್ರುಲ್‌ರ ಬಗ್ಗೆ ಖಚಿತವಾಗಿ ತಿಳಿದಿರುವುದು ಬಹಳ ಕಡಿಮೆ. ಹೆಚ್ಚಿನದು ಕಥೆಗಾರರ ಕಲ್ಪನೆ.) ಆದರೆ ಮೂಲದಲ್ಲಿ ಅದಕ್ಕೆ 150 ಕಂತುಗಳು, ಒಂದೊಂದೂ ಸುಮಾರು ಎರಡು ಗಂಟೆ. ಅಂದರೆ 300 ಗಂಟೆ! ಪರದೆಯ ಮೇಲಿನ ವೀರ ನಮಾಝ್‌ಗೆ ನಿಲ್ಲುವುದನ್ನು ರಾತ್ರಿ ಎರಡರ ತನಕ ನೋಡಿ, ನಮ್ಮ ಫಜ್ರ್ ತಪ್ಪಿದರೆ ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ಇಶಾಕ್ಕೆ ಮುಂಚೆ ಮಲಗುವುದನ್ನೂ ಇಶಾದ ಬಳಿಕ ಮಾತಿಗೆ ಕೂರುವುದನ್ನೂ ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿಯಲ್ಲಿದೆ. ತಡರಾತ್ರಿಯ ಎಚ್ಚರ ಫಜ್ರನ್ನು ಕಸಿಯುತ್ತದೆ ಎಂಬುದು ವಿದ್ವಾಂಸರು ಕೊಟ್ಟಿರುವ ಕಾರಣಗಳಲ್ಲೊಂದು. ಜ್ಞಾನದ ಚರ್ಚೆಗೆ, ಅತಿಥಿಗಳೊಂದಿಗೆ ಮತ್ತು ಮನೆಯವರೊಂದಿಗಿನ ಮಾತಿಗೆ ವಿನಾಯಿತಿಯಿದೆ. ಇಯರ್‌ಫೋನ್ ಸಿಕ್ಕಿಸಿ ಒಬ್ಬೊಬ್ಬರೇ ನೋಡುವುದು ಇವುಗಳಲ್ಲಿ ಯಾವುದಕ್ಕೂ ಸೇರದು.

ಇದನ್ನು ಓದಿ ಹೆಂಡತಿಯನ್ನು ಗದರಿಸಲು ಹೊರಡುವ ಸಹೋದರರಿಗೂ ಒಂದು ಮಾತಿದೆ. ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಅತ್ತೆಗೆ ಮಾತ್ರೆ ಕೊಟ್ಟು ಬರುವಾಗ ರಾತ್ರಿ ಹತ್ತೂವರೆ. ಅದು ಅವಳ ದಿನದ ಮೊದಲ ಬಿಡುವು. ಸಂಜೆ ಒಂದು ಗಂಟೆ ನೀವು ಅಡುಗೆಮನೆ ನೋಡಿಕೊಂಡರೆ ಅವಳು ಅದೇ ಕಂತನ್ನು ಅಸ್ರ್‌ನ ಬಳಿಕವೇ ನೋಡಿ ಮುಗಿಸಬಹುದು. ಪ್ರವಾದಿ(ಸ)ರು ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿರುವುದೂ ಬುಖಾರಿಯಲ್ಲೇ ಇದೆ.

ಮುಂದಿನ ಕಂತು ತಾನಾಗಿ ಬರುವುದನ್ನು ತಡೆಯಬಹುದು. ಯೂಟ್ಯೂಬಿನಲ್ಲಿ ‘ಆಟೋಪ್ಲೇ’ ಗುಂಡಿಯನ್ನು ಆಫ್ ಮಾಡಿ. ನೆಟ್‌ಫ್ಲಿಕ್ಸ್‌ನಲ್ಲಿ ಪ್ರೊಫೈಲ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅದೇ ಹೆಸರಿನ ಗುರುತನ್ನು ತೆಗೆಯಬೇಕು. ಅಲ್ಲಿ ಪ್ರತಿ ಪ್ರೊಫೈಲ್‌ಗೂ ಬೇರೆ ಬೇರೆಯಾಗಿ ಮಾಡಬೇಕಾಗುವುದರಿಂದ ಮಕ್ಕಳದ್ದನ್ನು ಮರೆಯಬೇಡಿ.