ಮಾರುವವನ ಮಾತು

ಮನೆಗೆ ವಾಹನವೊಂದು ಬಂದ ದಿನ ನಮ್ಮಲ್ಲಿ ಹಬ್ಬದ ಸಡಗರ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮನೆಮಂದಿಯೆಲ್ಲ ಕುಳಿತು ಒಂದು ಸುತ್ತು ಹೋಗಿ ಬರುತ್ತೇವೆ. ಅದೇ ವಾಹನವನ್ನು ಮಾರುವ ಕಾಲ ಬಂದಾಗ ಮಾತ್ರ ಯಾರೊಡನೆಯೂ ಹೆಚ್ಚು ಮಾತನಾಡದೆ ಕೆಲಸ ಮುಗಿಸಿಬಿಡುತ್ತೇವೆ. ಕೊಳ್ಳುವಾಗ ನಮ್ಮ ಹಣಕ್ಕೆ ಪರೀಕ್ಷೆ. ಮಾರುವಾಗ ನಮ್ಮ ನಡತೆಗೆ ಪರೀಕ್ಷೆ. ಆದುದರಿಂದ ಈ ತಿಂಗಳ ಅಂಕಣದಲ್ಲಿ ಮಾರಾಟದ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ನೆಲಮಂಗಲ ತಾಲೂಕಿನ ದಾಬಸ್‌ಪೇಟೆಯ ಕುಟುಂಬವೊಂದು ನಮಗೆ ಬರೆದು ಕೇಳಿದೆ. ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ. ಅವರ ಮನೆಯ ಹಿರಿಯರು 1996ರಲ್ಲಿ ಕೊಂಡ ಕಾಂಟೆಸ್ಸಾ ಕಾರು ಈಗಲೂ ಸುಸ್ಥಿತಿಯಲ್ಲಿದೆ. ಹಿರಿಯರ ದೃಷ್ಟಿ ಮಂದವಾಗಿ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಮೊಮ್ಮಗಳ ನರ್ಸಿಂಗ್ ವ್ಯಾಸಂಗಕ್ಕೆ ಶುಲ್ಕ ಕಟ್ಟಬೇಕಾಗಿರುವುದರಿಂದ ಕಾರನ್ನು ಮಾರಲು ನಿಶ್ಚಯಿಸಿದ್ದಾರೆ. ಐದು ತಿಂಗಳಾದರೂ ವ್ಯಾಪಾರ ಕುದುರಿಲ್ಲ. ಮೀಟರಿನಲ್ಲಿ 41,000 ಕಿಲೋಮೀಟರು ಕಾಣುತ್ತದೆ. ಆದರೆ ಆ ಕಾಲದ ಅನೇಕ ಕಾರುಗಳಂತೆ ಅದರಲ್ಲಿ ಇರುವುದು ಐದೇ ಅಂಕಿ. ಲಕ್ಷ ತುಂಬಿದೊಡನೆ ಮತ್ತೆ ಸೊನ್ನೆಯಿಂದ ಆರಂಭ. ಎರಡು ಬಾರಿ ಸುತ್ತು ಬಂದಿರುವುದರಿಂದ ಕಾರು ನಿಜವಾಗಿ ಓಡಿರುವುದು 2,41,000 ಕಿಲೋಮೀಟರು. "ನೀವೇನೂ ಸುಳ್ಳು ಹೇಳಬೇಡಿ, ಸುಮ್ಮನಿರಿ, ಮೀಟರೇ ಹೇಳಲಿ" ಎಂದು ದಲ್ಲಾಳಿಯೊಬ್ಬರು ಸಲಹೆ ಕೊಟ್ಟಿದ್ದಾರಂತೆ. ಮನೆಯ ಸೊಸೆಗೆ ಮನಸ್ಸು ಒಪ್ಪಿಲ್ಲ. "ನಾವು ಮೀಟರನ್ನು ಮುಟ್ಟಿಲ್ಲ, ಸುಳ್ಳನ್ನೂ ಆಡುತ್ತಿಲ್ಲ. ಹೀಗಿರುವಾಗ ಸುಮ್ಮನಿರುವುದು ತಪ್ಪೇ?" ಇದು ಆ ತಾಯಿಯ ಪ್ರಶ್ನೆ.

ಪ್ರಶ್ನೆಗೆ ಉತ್ತರಿಸುವ ಮೊದಲು ಆ ಕಾರಿಗೆ ಏಕೆ ಗಿರಾಕಿಗಳಿಲ್ಲ ಎಂಬುದನ್ನು ನೋಡೋಣ. ಕಾಂಟೆಸ್ಸಾ ಸಾಧಾರಣ ಕಾರಲ್ಲ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೆ ಅದನ್ನು ತಯಾರಿಸಿತು. ಮುಂದೆ ಜಪಾನಿನ ಇಸುಜು ಸಂಸ್ಥೆಯ 1.8 ಲೀಟರ್ ಎಂಜಿನ್ ಬಂದ ಮೇಲೆ ಅದರ ಓಟಕ್ಕೆ ಮನಸೋತವರು ಬಹಳ. ಅಂಥವರು ಇಂದಿಗೂ ಇದ್ದಾರೆ. ಆದರೆ ಊರಿಗೆ ಒಬ್ಬರೋ ಇಬ್ಬರೋ. ದಿನವೂ ದಾಬಸ್‌ಪೇಟೆಯಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಬರುವವರಿಗೆ ಕಡಿಮೆ ಪೆಟ್ರೋಲಿನಲ್ಲಿ ಓಡುವ ಚಿಕ್ಕ ಕಾರು ಸಾಕು. ಅವರು ಈ ಕಾರನ್ನು ಮೆಚ್ಚಿಯಾರು, ಕೊಳ್ಳಲಾರರು.

ಇದರ ಮೇಲೆ ಕಾಲವೂ ಮಾರುವವರಿಗೆ ಅನುಕೂಲವಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯಲೇಬೇಕು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಅವಧಿ. ಅನಂತರ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ರೂಪಾಯಿ ಆಯಿತು. ಜೊತೆಗೆ ಹಸಿರು ತೆರಿಗೆಯೂ ಉಂಟು. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬಂದ ಮೇಲೆ, ಅದಕ್ಕೆಂದು ತಯಾರಾಗದ ಹಳೆಯ ಕಾರಿನ ರಬ್ಬರ್ ಕೊಳವೆಗಳ ಗತಿ ಏನೆಂಬ ಚಿಂತೆಯೂ ಗಿರಾಕಿಗೆ ಹತ್ತಿದೆ. ಆಷಾಢ ಬಂತೆಂದರೆ ಇದ್ದ ಒಬ್ಬಿಬ್ಬರೂ "ಶ್ರಾವಣಕ್ಕೆ ನೋಡೋಣ" ಎಂದು ಹಿಂದೆ ಸರಿಯುತ್ತಾರೆ. ಶಿವನ ದಿನಗಳಲ್ಲಿ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲವೆಂದು ಶರಣರು ತಿಳಿಹೇಳಿ ಎಂಟುನೂರು ವರ್ಷ ಕಳೆದರೂ ನಮ್ಮವರೇ ಹಾಗೆ ಹಿಂದೆ ಸರಿಯುವುದನ್ನು ಕಂಡಿದ್ದೇವೆ.

ಇಂಥ ಸಂದರ್ಭದಲ್ಲೇ ದಲ್ಲಾಳಿಯ ಸಲಹೆ ಮನಸ್ಸಿಗೆ ಹಿತವಾಗಿ ಕಾಣುವುದು. ಆ ಸಲಹೆಯನ್ನು ಮೊದಲು ಕಾನೂನಿನ ತಕ್ಕಡಿಯಲ್ಲಿ ತೂಗಿ ನೋಡೋಣ. 1872ರ ಕರಾರು ಕಾಯಿದೆಯ 17ನೆಯ ಕಲಂ ವಂಚನೆ ಎಂದರೇನೆಂಬುದನ್ನು ವಿವರಿಸುತ್ತದೆ. ಇರುವ ದೋಷವನ್ನು ಬೇಕೆಂದೇ ಮರೆಮಾಚುವುದು ವಂಚನೆ. ಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವವನು ಈ ಮಾತಿನೊಳಗೆ ಬರುತ್ತಾನೆ. ಅಂಥ ವ್ಯಾಪಾರವನ್ನು ಕೊಂಡವನು ರದ್ದು ಮಾಡಿಸಬಹುದು. ಆದರೆ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಾಗುವುದಿಲ್ಲವೆಂದೂ ಅದೇ ಕಲಂ ಹೇಳುತ್ತದೆ. ಇದನ್ನು ತಿಳಿಸಲು ಕಾಯಿದೆಯಲ್ಲಿಯೇ ಕುದುರೆಯ ಉದಾಹರಣೆಗಳಿವೆ. ರೋಗವಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಎತ್ತುವುದಿಲ್ಲ, ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾದರೆ, ಆ ಸಂಬಂಧದ ಕಾರಣದಿಂದ ಅವನು ಹೇಳಲೇಬೇಕು. "ನೀವು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದೇ ಭಾವಿಸುತ್ತೇನೆ" ಎಂದು ಕೊಳ್ಳುವವನು ಕೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮ.

ದಾಬಸ್‌ಪೇಟೆಯ ಕಾರಿಗೆ ಇದನ್ನು ಅನ್ವಯಿಸಿದರೆ ದಾರಿ ಸ್ಪಷ್ಟವಾಗುತ್ತದೆ. ನೋಡಲು ಬಂದವನು ಮೀಟರಿನತ್ತ ಬಾಗಿ "ನಲವತ್ತೊಂದು ಸಾವಿರವೇ ಓಡಿದೆಯೇ?" ಎಂದು ಕೇಳದೆ ಇರುವುದಿಲ್ಲ. ಆ ಕ್ಷಣದಿಂದ ಸುಮ್ಮನಿರುವುದಕ್ಕೆ ಕಾನೂನಿನ ಆಸರೆಯೂ ಇಲ್ಲ. ಅವನು ಕೇಳದೇ ಹೋದರೆ? ಆಗ ಕಾನೂನು ಬಿಟ್ಟೀತು, ಶರಣಧರ್ಮ ಬಿಡುವುದಿಲ್ಲ. ಕೊಳ್ಳುವವಳು ಮಗಳಾದರೆ ಹೇಳಬೇಕು, ಪರಕೀಯನಾದರೆ ಹೇಳಬೇಕಾಗಿಲ್ಲ ಎಂಬ ಭೇದ ಕಾಯಿದೆಯದು. ಬಾಗಿಲಿಗೆ ಬಂದವನನ್ನು ಪರಕೀಯನೆಂದು ಎಣಿಸಲೇಬಾರದೆಂಬುದು ಬಸವಾದಿ ಶರಣರ ನಿಲುವು. ಹಾಗಿದ್ದಮೇಲೆ ಮಗಳಿಗೆ ಹೇಳಬೇಕಾದುದನ್ನೆಲ್ಲ ಗಿರಾಕಿಗೂ ಹೇಳಬೇಕಾಗುತ್ತದೆ. ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ಹೌದು, ಸುಮ್ಮನಿರುವುದು ತಪ್ಪು, ಅವನು ಕೇಳುವ ಮೊದಲೇ ನೀವು ಹೇಳಿ.

"ಧರ್ಮ ಸರಿ, ಶುಲ್ಕ ಕಟ್ಟುವವರು ಯಾರು?" ಎಂದು ಓದುಗರು ಕೇಳಬಹುದು. ಇದನ್ನು ತಳ್ಳಿಹಾಕುವಂತಿಲ್ಲ. ನಿಜ ಹೇಳಿದರೆ ಕೆಲವು ಗಿರಾಕಿಗಳು ಅಲ್ಲಿಂದಲೇ ಹಿಂತಿರುಗುತ್ತಾರೆ, ಉಳಿದವರು ಬೆಲೆ ಇಳಿಸಿ ಕೇಳುತ್ತಾರೆ. ಆ ನಷ್ಟ ನಿಜವಾದ ನಷ್ಟವೇ. ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿಯೂ ಬಡತನವಿತ್ತು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದ ಆ ತಾಯಿಯ ಕಥೆಯನ್ನು ನಮ್ಮ ಮಕ್ಕಳಿಗೆಲ್ಲ ಹೇಳುತ್ತೇವೆ. ಇಲ್ಲದ ಗುಣಕ್ಕೆ ಬಂದ ಬೆಲೆಯೂ ಅಂಥ ಹೆಚ್ಚಿನ ಅಕ್ಕಿಯೇ. ಆದರೆ ಇರುವ ಗುಣಕ್ಕೆ ತಕ್ಕ ಬೆಲೆ ಕೇಳುವುದರಲ್ಲಿ ಸಂಕೋಚ ಬೇಕಾಗಿಲ್ಲ. ಅದನ್ನು ಪಡೆಯುವ ಬಗೆಯನ್ನು ಈಗ ಹೇಳುತ್ತೇವೆ.

ನಮ್ಮ ಭಾಗದ ದನಗಳ ಜಾತ್ರೆಗಳನ್ನು ನೆನೆಯಿರಿ. ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ, ಅದಕ್ಕೂ ಮೊದಲು ದೊಡ್ಡಬಳ್ಳಾಪುರದ ಘಾಟಿಯಲ್ಲಿ ಸೇರುವ ರೈತರು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ; ಆಮೇಲೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಬಲ್ಲ ರೈತನಿಗೆ ಎತ್ತಿನ ವಯಸ್ಸನ್ನು ಮುಚ್ಚಿಡಲಾಗದು. ಹಾಗೆಯೇ ಕಾಂಟೆಸ್ಸಾ ಹುಡುಕಿಕೊಂಡು ಬರುವವನು ಆ ಕಾರನ್ನು ಬಲ್ಲವನೇ ಆಗಿರುತ್ತಾನೆ. ಸವೆದ ಪೆಡಲಿನ ರಬ್ಬರು, ನುಣುಪಾದ ಸ್ಟೀರಿಂಗು, ತಗ್ಗಿದ ಚಾಲಕನ ಆಸನ ಇವೇ ಅವನಿಗೆ ಹಲ್ಲುಗಳು. ಮೂವತ್ತು ವರ್ಷಕ್ಕೆ ಸಮೀಪಿಸಿದ ಕಾರು ನಲವತ್ತೊಂದು ಸಾವಿರ ಮಾತ್ರ ಓಡಿದೆ ಎಂದರೆ ಅವನು ನಂಬುವುದಿಲ್ಲ. ಒಂದು ಮಾತು ಸುಳ್ಳೆಂದು ಕಂಡರೆ ಉಳಿದ ನಿಜಗಳನ್ನೂ ನಂಬುವುದಿಲ್ಲ. ಎರಡು ಲಕ್ಷದ ನಲವತ್ತೊಂದು ಸಾವಿರವೆಂದು ಹೇಳಿ, ಇಂಥ ವರ್ಷ ಎಂಜಿನ್ ಬಿಚ್ಚಿ ಕೆಲಸ ಮಾಡಿಸಿದೆವು, ಇಂಥ ವರ್ಷ ಕ್ಲಚ್ ಹಾಕಿಸಿದೆವು ಎಂದು ರಸೀದಿಗಳನ್ನು ವರ್ಷವಾರು ಜೋಡಿಸಿ ಮುಂದಿಟ್ಟರೆ ಅವನಿಗೆ ಧೈರ್ಯ ಬರುತ್ತದೆ. ಹಳೆಯ ಕಾರಿನಲ್ಲಿ ಗಿರಾಕಿ ಹಣ ಕೊಡುವುದು ಹೆಚ್ಚಾಗಿ ಈ ಧೈರ್ಯಕ್ಕೆ.

ಆ ಕಿಲೋಮೀಟರುಗಳಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ. ಕೂಡಲಸಂಗಮಕ್ಕೆ, ಉಳವಿಗೆ, ಶ್ರೀಶೈಲಕ್ಕೆ ಮನೆಮಂದಿಯನ್ನು ಕರೆದೊಯ್ದದ್ದು, ರಾತ್ರಿ ಹೊತ್ತು ನೆರೆಮನೆಯ ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಎಲ್ಲವೂ ಅದರಲ್ಲಿಯೇ ಇದೆಯೆಂದು ಪತ್ರದಲ್ಲಿ ಬರೆದಿದ್ದಾರೆ. ಅದನ್ನು ಅಳಿಸಿ ಮಾರುವುದೆಂದರೆ ಹಿರಿಯರ ಸೇವೆಯನ್ನೇ ಅಳಿಸಿದಂತೆ.

ಇನ್ನು ಖರ್ಚಿನ ವಿಚಾರ. ಮಾರುವ ಮುನ್ನ ಹೊಸದಾಗಿ ಬಣ್ಣ ಹೊಡೆಸಬೇಡಿ. ಅದರ ಹಣ ಹಿಂದಿರುಗುವುದಿಲ್ಲ. ತುಕ್ಕು ಮುಚ್ಚಲು ಹೊಡೆಸಿದ್ದಾರೆಂಬ ಅನುಮಾನವೂ ಬರುತ್ತದೆ. ಬ್ರೇಕು, ಟೈರು, ಬ್ಯಾಟರಿ, ಪೆಟ್ರೋಲಿನ ಕೊಳವೆ ಇಷ್ಟನ್ನು ಸರಿಪಡಿಸಿ. ನಿಂತ ಕಾರು ನಿಂತಲ್ಲೇ ಕೆಡುತ್ತದೆ, ವಾರಕ್ಕೊಮ್ಮೆ ಓಡಿಸಿ. ಗಿರಾಕಿ ಬರುವ ದಿನ ಎಂಜಿನನ್ನು ಮುಂಚೆಯೇ ಬಿಸಿಮಾಡಿ ಇಡಬೇಡಿ. ತಣ್ಣಗಿರುವ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆಂಬುದನ್ನು ಅವನೇ ನೋಡಲಿ. ಅವನ ಮೆಕ್ಯಾನಿಕ್ ಬರುವುದಾದರೆ ಬರಲಿ. ಶಿವಗಂಗೆಯ ಬೆಟ್ಟದ ಬುಡದವರೆಗೆ ಓಡಿಸಿಕೊಂಡು ಬರಲಿ. ಆಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿ; ಯಾವ ಸದ್ದು ಹಳೆಯದು, ಯಾವುದು ಹೊಸದು ಎಂದು ಅವರಷ್ಟು ಬಲ್ಲವರು ಬೇರೊಬ್ಬರಿಲ್ಲ.

ಬೆಲೆಯನ್ನು ಮಮತೆಯಿಂದ ಕಟ್ಟಬೇಡಿ. ಇದೇ ಮಾದರಿಯನ್ನು ಬಲ್ಲ ಇಬ್ಬರು ಗ್ಯಾರೇಜಿನವರನ್ನು ವಿಚಾರಿಸಿ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ. ಮಾರಾಟವಾದ ಬೆಲೆ ಅದಕ್ಕಿಂತ ಕಡಿಮೆ ಇರುತ್ತದೆ. ಇದಕ್ಕಿಂತ ಕೆಳಗೆ ಕೊಡುವುದಿಲ್ಲವೆಂಬ ಮೊತ್ತವನ್ನು ಮನೆಯವರೆಲ್ಲ ಕುಳಿತು ಮೊದಲೇ ನಿಶ್ಚಯಿಸಿ. ಸುತ್ತಲ ಹತ್ತು ಹಳ್ಳಿಗಳಲ್ಲಿ ಗಿರಾಕಿ ಇಲ್ಲದಿದ್ದರೆ ಬೆಂಗಳೂರು, ಮೈಸೂರುಗಳಲ್ಲಿರುವ ಹಳೆಯ ಕಾರಿನ ಆಸಕ್ತರಿಗೆ ಸುದ್ದಿ ಮುಟ್ಟಿಸಿ. ಶುಲ್ಕದ ಗಡುವು ಹತ್ತಿರವಾದರೆ ಆ ಹಣಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳುವುದು ಲೇಸು. ಅವಸರದಲ್ಲಿರುವವನ ಬಾಯಲ್ಲಿ ನಿಜ ನಿಲ್ಲುವುದು ಕಷ್ಟ.

ಹಣ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೆ ಮಾರಿದವರು ಹದಿನಾಲ್ಕು ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು ಮೂವತ್ತು ದಿನಗಳೊಳಗೆ ತಿಳಿಸಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ದಾಬಸ್‌ಪೇಟೆಯವರಿಗೆ ನೆಲಮಂಗಲದಲ್ಲಿಯೇ ಕಚೇರಿಯಿದೆ. ಮಾಲೀಕರು ತೀರಿಕೊಂಡಿದ್ದರೆ 31ನೆಯ ನಮೂನೆಯಲ್ಲಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ಅನಂತರ ಮಾರಬೇಕು. ಸಹಿ ಹಾಕಿದ ಖಾಲಿ ನಮೂನೆಗಳನ್ನು ದಲ್ಲಾಳಿಯ ಕೈಗೆ ಕೊಟ್ಟು ನಿಶ್ಚಿಂತರಾಗುವವರು ಬಹಳ. ಅವರು ಒಂದು ತೀರ್ಪನ್ನು ತಿಳಿದಿರಬೇಕು. ಕಾರು ಕೈಯಿಂದ ಕೈಗೆ ಮಾರಾಟವಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಆದುದರಿಂದ ಹೆಸರು ಬದಲಾದ ಆರ್.ಸಿ.ಯ ಪ್ರತಿಯನ್ನು ಕಣ್ಣಾರೆ ಕಾಣುವವರೆಗೆ ಕಾರು ನಿಮ್ಮದೇ ಎಂದು ತಿಳಿಯಿರಿ. ವಿಮೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರಿಗೆ ನೆನಪಿಸಿ.

ಮಾರಾಟದ ಪತ್ರ ಬರೆಯುವಾಗ ಒಂದು ಸಾಲನ್ನು ಮರೆಯದೆ ಸೇರಿಸಬೇಕೆಂದು ಆ ಕುಟುಂಬಕ್ಕೆ ಸೂಚಿಸಿದ್ದೇವೆ: ಮೀಟರು 41,000 ತೋರಿಸುತ್ತಿದ್ದರೂ ಕಾರು ಓಡಿರುವುದು 2,41,000 ಕಿಲೋಮೀಟರು, ಇದನ್ನು ಕೊಳ್ಳುವವರಿಗೆ ತಿಳಿಸಿದ್ದೇವೆ ಎಂದು. ಕೆಳಗೆ ಇಬ್ಬರೂ ಸಹಿ ಮಾಡಲಿ. ನಾಳೆ ತಕರಾರು ಬಂದರೆ ಆ ಸಾಲು ಅವರನ್ನು ಕಾಯುತ್ತದೆ. ಬರುವ ಹಣ ತುಸು ಕಡಿಮೆಯಾದೀತು. ಆದರೆ ಮುಂದೆ ರೋಗಿಗಳ ಶುಶ್ರೂಷೆಯ ಕಾಯಕ ಹಿಡಿಯಲಿರುವ ಮಗುವಿನ ಶುಲ್ಕಕ್ಕೆ ಸಲ್ಲುವ ಹಣ ಅದು. ಎಲ್ಲಿಂದ ಬಂತೆಂದು ಅವಳು ಕೇಳಿದರೆ ಮನೆಯವರು ಅಳುಕದೆ ಹೇಳುವಂತಿರಲಿ.