ಮಾವನ ವಿಕಿಪೀಡಿಯ ಪೇಜು

ಕಳೆದ ತಿಂಗಳು ಊರಿಗೆ ಹೋದಾಗ ಸೋದರಮಾವ ಮೆಲ್ಲಗೆ ಕೇಳಿದ್ರು, "ನೀನು ಸಾಫ್ಟ್‌ವೇರ್‌ನೋನು ಅಲ್ವೇನೋ, ನಂದೊಂದು ವಿಕಿಪೀಡಿಯ ಪೇಜ್ ಮಾಡ್ಕೊಡೋ."

ಮಾವ ಮೂವತ್ತು ವರ್ಷ ಸಸ್ಯಶಾಸ್ತ್ರದ ಪಾಠ, ಸಂಶೋಧನೆ ಅಂತ ದುಡಿದು ರಿಟೈರ್ ಆದವರು. ನನಗೆ ಮೈಕ್ರೋಸ್ಕೋಪಿನಲ್ಲಿ ಮೊದಲ ಸಲ ಈರುಳ್ಳಿ ಸಿಪ್ಪೆ ತೋರಿಸಿದವರು. ಇಲ್ಲ ಅನ್ನೋದು ಹೇಗೆ? ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. "ಹೆಸರಾಂತ ವಿಜ್ಞಾನಿ", "ಅಪಾರ ಕೊಡುಗೆ" ಅಂತೆಲ್ಲ ಬರೆಯುವಷ್ಟರಲ್ಲಿ ನನಗೇ ಅಳುಕಾಯ್ತು. ಆಫೀಸಿನಲ್ಲಿ ನಾನು ಬರೆದ ಕೋಡನ್ನು ನಾನೇ ಅಪ್ರೂವ್ ಮಾಡೋಕೆ ಬಿಡಲ್ಲ. ಇಲ್ಲಿ ಮಾಡ್ತಿರೋದು ಅದೇ ತಾನೆ?

ನಿಯಮ ಓದಿದೆ. ಇದಕ್ಕೆ ಹಿತಾಸಕ್ತಿ ಸಂಘರ್ಷ ಅಂತಾರೆ. ನಮ್ಮ ಬಗ್ಗೆ, ಮನೆಯವರ ಬಗ್ಗೆ ನಾವೇ ಬರೆಯೋದನ್ನು ವಿಕಿಪೀಡಿಯ ಪೂರ್ತಿ ನಿಷೇಧಿಸಿಲ್ಲ, ಆದ್ರೆ ಬೇಡ ಅಂತ ಗಟ್ಟಿಯಾಗೇ ಹೇಳುತ್ತೆ. ದುಡ್ಡು ತಗೊಂಡು ಬರೆದ್ರೆ ಯಾರ ಪರವಾಗಿ ಅಂತ ಬಹಿರಂಗವಾಗಿ ತಿಳಿಸಬೇಕು ಅನ್ನೋದು 2014ರಿಂದ ಬಳಕೆಯ ಷರತ್ತಿನಲ್ಲೇ ಇದೆ. ವಿಕಿಪೀಡಿಯ ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಿಮ್ಮಿ ವೇಲ್ಸ್ ಕೂಡ 2005ರಲ್ಲಿ ತಮ್ಮದೇ ಪುಟ ತಿದ್ದಿ ಟೀಕೆಗೆ ಗುರಿಯಾಗಿದ್ರು. ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ಉಳಿಯುತ್ತೆ ನೋಡಿ.

ಹಾಗಂತ ಬಿಗಿ ಮಾಡಿದ್ರೆ ಎಲ್ಲ ಸರಿಹೋಗುತ್ತಾ? ಕೆನಡಾದ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರ ಅಕ್ಟೋಬರ್ 2ರಂದು ಭೌತವಿಜ್ಞಾನದ ನೊಬೆಲ್ ಘೋಷಣೆ ಆದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ. ಅದಕ್ಕೂ ಮೊದಲು ಬಂದಿದ್ದ ಕರಡನ್ನು, ಬೇರೆಯವರು ಬರೆದ ಆಧಾರಗಳು ಸಾಲದು ಅಂತ ಅದೇ ವರ್ಷ ಮೇ ತಿಂಗಳಲ್ಲಿ ತಿರಸ್ಕರಿಸಿದ್ರು. ವಿಜ್ಞಾನಿಗಳ ಕಷ್ಟವೇ ಇದು. ಪೇಪರ್‌ನವರು ಅವರ ಬಗ್ಗೆ ಬರೆಯೋದು ಅಪರೂಪ. ಕೆಲಸ ಗೊತ್ತಿರೋದು ಶಿಷ್ಯರಿಗೆ, ಜೊತೆಗಾರರಿಗೆ. ಗೊತ್ತಿರೋರು ಬರೆಯೋ ಹಾಗಿಲ್ಲ, ಬರೆಯಬಹುದಾದವರಿಗೆ ಗೊತ್ತಿಲ್ಲ!

ನಡುವೆ ಒಂದು ದಾರಿ ಇದೆ. ಸಂಬಂಧ ಮುಚ್ಚಿಡಬಾರದು. ಪುಟ ಇದ್ರೆ ಅದರ ಚರ್ಚೆ ಪುಟದಲ್ಲಿ ಆಧಾರ ಕೊಟ್ಟು "ಇದನ್ನು ಸರಿಮಾಡಿ" ಅಂತ ಕೇಳಬಹುದು. ಇಲ್ಲದಿದ್ರೆ ಕರಡನ್ನು ಪರಿಶೀಲನೆಗೆ ಕಳಿಸಬಹುದು. ಒಪ್ಪೋದು, ಬಿಡೋದು ಬೇರೆಯವರ ಕೈಲಿ. ಮಾವನ ಬಗ್ಗೆ ಬೇರೆಯವರು ಬರೆದದ್ದು ಹುಡುಕಿದೆ. ಸಿಕ್ಕಿದ್ದು ಬೀಳ್ಕೊಡುಗೆ ಸಮಾರಂಭದ ಒಂದು ಪುಟ್ಟ ಸುದ್ದಿ ಅಷ್ಟೇ.

ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅಂದ್ರೆ ನಾನು ಲೆಕ್ಕಕ್ಕಿಲ್ಲ ಅಂತಾನಾ?"

"ಹಾಗಲ್ಲ ಮಾವ, ನಾನು ಬರೆದ್ರೆ ಅದು ಲೆಕ್ಕಕ್ಕಿಲ್ಲ ಅಂತ. ನಿಮಗೆ ಗೊತ್ತಿರೋ ಗಿಡಮರಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ನೀವೇ ಬರೀರಿ. ಹೊಂಗೆ ಮರಕ್ಕೆ ನೀವು ನೆಂಟರಲ್ಲವಲ್ಲ!"

ನಗಲಿಲ್ಲ. ಆದ್ರೆ ಮೊನ್ನೆ ಅವರೇ ಫೋನ್ ಮಾಡಿದ್ರು. "ಏನೋ ಇದು, ಮೂವತ್ತು ವರ್ಷ ಪಾಠ ಮಾಡಿದೋನ ಹತ್ರ ಆಧಾರ ಎಲ್ಲಿ ಅಂತ ಕೇಳ್ತಾರೆ!" ಬೈತಾನೇ ಕಪಾಟಿನಿಂದ ಪುಸ್ತಕ ಎಳೆಯೋ ಸದ್ದು ಕೇಳಿಸ್ತು.